ದಕ್ಷಿಣಕ್ಕೆ ತಿರುಗಿದ ಗಾಜು

ನನ್ನದು ಹುಟ್ಟಿನಿಂದಲೂ ಅನುಮಾನದ ಬುದ್ಧಿ. ಹಾಲಿನವನು ಪಾತ್ರೆಗೆ ಹಾಲು ಹೊಯ್ಯುವಾಗ ಎಲ್ಲರೂ ಪಾತ್ರೆ ನೋಡಿದರೆ ನಾನು ಅವನ ಕ್ಯಾನಿನ ಒಳಗೆ ಬಗ್ಗಿ ನೋಡುತ್ತಿದ್ದೆ. ನನ್ನನ್ನು ನೋಡಲು ಬಂದ ಗಂಡಿನ ಕಡೆಯವರು ತಮ್ಮದು ಸ್ವಂತ ಮನೆ ಎಂದಾಗ, ಅದರ ಬಾಗಿಲು ಯಾವ ದಿಕ್ಕಿಗಿದೆ ಎಂದು ಥಟ್ಟನೆ ಕೇಳಿ ಅಮ್ಮನಿಂದ ತೊಡೆ ಚಿವುಟಿಸಿಕೊಂಡಿದ್ದೆ. ಗಂಡು ಪೂರ್ವ ಎಂದ, ಅವನಪ್ಪ ಉತ್ತರ ಎಂದರು, ಆ ಸಂಬಂಧ ಅಲ್ಲಿಗೇ ಮುಗಿಯಿತು. ‘ಮೊಸರಲ್ಲಿ ಕಲ್ಲು ಹುಡುಕೋಳು’ ಎನ್ನುವುದು ಅಮ್ಮ ನನಗಿಟ್ಟ ಬಿರುದು. ನಾನದನ್ನು ಬೈಗುಳವೆಂದು ತಿಳಿದಿರಲಿಲ್ಲ. ಪೀಣ್ಯದಲ್ಲಿ ನನಗೆ ಸಿಕ್ಕಿದ ಕೆಲಸಕ್ಕೆ ಬೇಕಾಗಿದ್ದದ್ದೂ ಅಂಥ ಬುದ್ಧಿಯೇ.

ಕೆಲಸವಿದ್ದದ್ದು ಕಾರ್ಖಾನೆ ಶೆಡ್ಡುಗಳ ನಕ್ಷೆ ಮಾಡುವ ಒಂದು ಆಫೀಸಿನಲ್ಲಿ. ಎಪ್ಪತ್ತರ ದಶಕದಲ್ಲಿ ಪೀಣ್ಯದ ಹೊಲಗಳೆಲ್ಲ ಪ್ಲಾಟುಗಳಾಗುತ್ತಿದ್ದಾಗ ಅಲ್ಲಿ ಎದ್ದ ಎಷ್ಟೋ ಶೆಡ್ಡುಗಳು ಮೊದಲು ನಮ್ಮ ಆಫೀಸಿನ ಬೋರ್ಡಿನ ಮೇಲೆ ಎದ್ದಿದ್ದವು. ಅಪ್ಪ ಅಲ್ಲಿ ಬಹಳ ವರ್ಷ ಡ್ರಾಫ್ಟ್ಸ್‌ಮನ್ ಆಗಿದ್ದರು. ಅವರು ನಿವೃತ್ತರಾಗುವ ಹೊತ್ತಿಗೆ, ನಮ್ಮ ಹುಡುಗಿ ಡಿಪ್ಲೊಮಾ ಮುಗಿಸಿದ್ದಾಳೆ ಎಂದು ಒಂದು ಮಾತು ಹೇಳಿದ್ದಕ್ಕೆ ನನಗೆ ರೆಕಾರ್ಡ್ ರೂಮಿನ ಕುರ್ಚಿ ಸಿಕ್ಕಿತು. ಹಳೆಯ ಟ್ರೇಸಿಂಗ್ ಶೀಟುಗಳನ್ನು ಸುರುಳಿ ಮಾಡಿ ತಗಡಿನ ಕೊಳವೆಗಳಲ್ಲಿ ಇಡುವುದು, ಕೇಳಿದವರಿಗೆ ಕೊಡುವುದು, ಕೊಟ್ಟದ್ದು ವಾಪಸ್ಸು ಬಂದಾಗ ಮೂಲೆ ಹರಿದಿದೆಯೇ ಎಂದು ನೋಡುವುದು ನನ್ನ ಕೆಲಸ. ಪಕ್ಕದ ಕೋಣೆಯಲ್ಲಿ ಪ್ರಿಂಟ್ ತೆಗೆಯುವ ಯಂತ್ರವಿತ್ತು. ಅದರ ಅಮೋನಿಯಾ ವಾಸನೆಗೆ ದಿನವಿಡೀ ಕಣ್ಣು ಉರಿಯುತ್ತಿತ್ತು. ಬಸ್ಸಿನಲ್ಲಿ ಪಕ್ಕಕ್ಕೆ ಕೂತವರು ನನ್ನ ಸೀರೆಯ ವಾಸನೆಗೆ ಮೂಗು ಮುಚ್ಚಿಕೊಳ್ಳುತ್ತಿದ್ದರು.

ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಒಂದು ದಿನ ನಮ್ಮ ಮುಖ್ಯಸ್ಥರು ಕರೆದು ಒಬ್ಬ ಆರ್ಕಿಟೆಕ್ಟರ ವಿಷಯ ಹೇಳಿದರು. ಆಗ ಊರಿನಲ್ಲಿ ಅವರದು ದೊಡ್ಡ ಹೆಸರು. ಅವರು ಕಟ್ಟಿದ ಕಟ್ಟಡಗಳ ಚಿತ್ರ ಪೇಪರಿನಲ್ಲಿ ಬರುತ್ತಿತ್ತು. ಅವರು ಮೊಟ್ಟಮೊದಲು ಕೆಲಸಕ್ಕೆ ಸೇರಿದ್ದು ನಮ್ಮ ಆಫೀಸಿಗೆ, ಇದ್ದದ್ದು ಎರಡೇ ವರ್ಷ. ಈಗ ಒಂದು ಕಾಲೇಜಿನವರು ಅವರ ಬಗ್ಗೆ ಪುಸ್ತಕ ತರುತ್ತಿದ್ದರು. ಆ ಎರಡು ವರ್ಷದಲ್ಲಿ ಅವರು ಏನು ಮಾಡಿದ್ದರೆಂದು ಯಾರಿಗೂ ಗೊತ್ತಿರಲಿಲ್ಲ. ಆದ್ದರಿಂದ ನಾನು ಹಳೆಯ ನಕ್ಷೆಗಳನ್ನೆಲ್ಲ ಹುಡುಕಿ, ಒಂದು ರೆಜಿಸ್ಟರಿನಲ್ಲಿ ಶೀಟಿನ ನಂಬರು, ಶೆಡ್ಡು ಯಾವುದು, ಬರೆದವರು ಯಾರು, ಪರಿಶೀಲಿಸಿದವರು ಯಾರು ಎಂದು ತುಂಬಬೇಕಾಗಿತ್ತು. ಪುಸ್ತಕದಲ್ಲಿ ನಾನು ಬರೆದದ್ದೇ ಅಚ್ಚಾಗುತ್ತದೆ, ನೋಡಿಕೊಂಡು ಬರೆ ಎಂದು ಮುಖ್ಯಸ್ಥರು ಎರಡು ಸಲ ಹೇಳಿದರು.

ಆ ಮನುಷ್ಯನ ನೆನಪು ನನಗೂ ಸ್ವಲ್ಪ ಇತ್ತು. ನಾನು ಸ್ಕೂಲಿನಲ್ಲಿದ್ದಾಗ ಒಂದು ಯುಗಾದಿಗೆ ದಾಸರಹಳ್ಳಿಯ ನಮ್ಮ ಮನೆಗೆ ಊಟಕ್ಕೆ ಬಂದಿದ್ದರು. ಡಿಗ್ರಿ ಮುಗಿಸಿ ಆಗಷ್ಟೇ ಬಂದ ತೆಳ್ಳನೆಯ ಹುಡುಗ. ಅಪ್ಪನನ್ನು ‘ಗುರುಗಳೇ’ ಎಂದು ಕರೆಯುತ್ತಾ ಒಬ್ಬಟ್ಟಿನ ಮೇಲೆ ಒಬ್ಬಟ್ಟು ಹಾಕಿಸಿಕೊಂಡಿದ್ದರು. ಆಮೇಲೆ ಅವರು ಬರಲಿಲ್ಲ. ಅಪ್ಪನೂ ಅವರ ಮಾತು ಎತ್ತಲಿಲ್ಲ.

ಆ ಸಂಜೆ ಮನೆಯಲ್ಲಿ ವಿಷಯ ಹೇಳಿದೆ. ಅಪ್ಪ ಓದುತ್ತಿದ್ದ ಪೇಪರನ್ನು ಕೆಳಗಿಳಿಸಿ ಯಾವ ಯಾವ ಶೀಟು ಕೇಳಿದ್ದಾರೆ ಎಂದರು. ಎಲ್ಲವನ್ನೂ ಎಂದೆ. ಎದುರುಬದುರು ಇರುವ ಆ ಜೋಡಿ ಶೆಡ್ಡುಗಳಲ್ಲಿ ರಸ್ತೆಯ ಈಚೆ ಬದಿಯ ಎರಡನೇ ಶೆಡ್ಡಿನ ಶೀಟು ಹುಡುಕಬೇಡ, ಅದನ್ನು ಗೆದ್ದಲು ತಿಂದಿರುತ್ತದೆ, ಸುಮ್ಮನೆ ಹೊತ್ತು ಹಾಳು ಎಂದು ಹೇಳಿ ಪೇಪರನ್ನು ಮತ್ತೆ ಮುಖಕ್ಕೆ ಹಿಡಿದರು. ಅವರು ರೆಕಾರ್ಡ್ ರೂಮಿಗೆ ಕಾಲಿಡದೆ ಮೂರು ವರ್ಷವಾಗಿತ್ತು. ಯಾವ ಶೀಟಿಗೆ ಗೆದ್ದಲು ಹಿಡಿದಿದೆ ಎಂದು ಮನೆಯಲ್ಲಿ ಕೂತವರಿಗೆ ಹೇಗೆ ಗೊತ್ತು? ನಾನು ರೊಟ್ಟಿ ಮುರಿಯುತ್ತಾ ಅದನ್ನೇ ಯೋಚಿಸಿದೆ.

ಯೋಚಿಸಿ ಒಂದು ತೀರ್ಮಾನಕ್ಕೂ ಬಂದೆ. ಈ ಹುಡುಗ ಅಪ್ಪನಿಗೆ ಏನೋ ಮೋಸ ಮಾಡಿದ್ದಾನೆ, ಅಪ್ಪ ಅದನ್ನು ನುಂಗಿಕೊಂಡಿದ್ದಾರೆ. ಹಾಗೆ ನಂಬಲು ನಾನು ಚಿಕ್ಕಂದಿನಿಂದಲೂ ತಯಾರಾಗಿದ್ದೆ. ಅಪ್ಪನ ಹತ್ತಿರ ಗೆರೆ ಎಳೆಯುವ ಟೀ ಸ್ಕ್ವೇರ್ ಹಿಡಿಯುವುದು ಕಲಿತವರೆಲ್ಲ ಡಿಗ್ರಿಯ ಬಲದಿಂದ ಮೇಲಕ್ಕೆ ಹೋದರು, ಅಪ್ಪ ಮಾತ್ರ ಅದೇ ಬೋರ್ಡಿನ ಮುಂದೆ ಅದೇ ಸ್ಟೂಲಿನ ಮೇಲೆ ಉಳಿದರು. ಹತ್ತಿದ ಏಣಿ ಒದೆಯುವವರ ಸುದ್ದಿ ನಮ್ಮ ಮನೆಗೆ ಹೊಸದಲ್ಲ.

ಗೆದ್ದಲು ತಿಂದಿದೆ ಎಂದಿದ್ದ ಶೀಟನ್ನೇ ಮೊದಲು ಹುಡುಕಿದೆ. ಮೂರನೇ ದಿನಕ್ಕೆ ಸಿಕ್ಕಿತು. ಅದು ಇರಬೇಕಾದ ಕೊಳವೆಯಲ್ಲಿ ಇರಲಿಲ್ಲ. ಯಾವುದೋ ನೀರಿನ ತೊಟ್ಟಿಯ ನಕ್ಷೆಗಳ ಸುರುಳಿಯ ಒಳಗಿತ್ತು. ಗೆದ್ದಲಿನ ಒಂದು ತೂತೂ ಇರಲಿಲ್ಲ.

ನಮ್ಮಲ್ಲಿ ಒಂದು ಗಾಜಿನ ಮೇಜಿತ್ತು, ಅದರ ಕೆಳಗೆ ಟ್ಯೂಬ್‌ಲೈಟು. ಟ್ರೇಸಿಂಗ್ ಶೀಟನ್ನು ಅದರ ಮೇಲೆ ಹಾಸಿದರೆ ಕಾಗದದ ಹೊಟ್ಟೆಯೊಳಗಿರುವುದೆಲ್ಲ ಕಾಣುತ್ತದೆ. ಇಂಕಿನ ಗೆರೆ ತಪ್ಪಾದರೆ ಡ್ರಾಫ್ಟ್ಸ್‌ಮನ್ನರು ಅರ್ಧ ಬ್ಲೇಡಿನಿಂದ ಕೆರೆದು ತೆಗೆಯುತ್ತಿದ್ದರು. ಮೇಲಿನಿಂದ ನೋಡಿದರೆ ಏನೂ ತಿಳಿಯುವುದಿಲ್ಲ. ಬೆಳಕಿನ ಮೇಲಿಟ್ಟರೆ ಕೆರೆದ ಜಾಗ ತೆಳ್ಳಗಾಗಿ ಹೊಳೆಯುತ್ತದೆ, ಹಳೆಯ ಪೆನ್ನು ಊರಿದ ಗುರುತು ಗೀರಾಗಿ ಉಳಿದಿರುತ್ತದೆ. ನಾನು ಶೀಟಿನ ಬಲಮೂಲೆಯನ್ನು ಬೆಳಕಿನ ಮೇಲಿಟ್ಟೆ. ಬರೆದವರು ಎಂಬ ಚೌಕದಲ್ಲಿ ಆ ಆರ್ಕಿಟೆಕ್ಟರ ಇನಿಷಿಯಲ್ ಇತ್ತು. ಪರಿಶೀಲಿಸಿದವರು ಎಂಬ ಚೌಕದಲ್ಲೂ ಅವರದೇ; ಪರಿಶೀಲಿಸುವುದು ಡಿಗ್ರಿ ಇದ್ದವರ ಕೆಲಸ. ಮೊದಲನೇ ಚೌಕ ಮಾತ್ರ ಹೊಳೆಯುತ್ತಿತ್ತು. ಅವರ ಇನಿಷಿಯಲ್ಲಿನ ಅಡಿಯಲ್ಲಿ ಇನ್ನೊಂದರ ಗೀರು ಕಾಣಿಸಿತು. ಅದು ಅಪ್ಪನದು.

ನನಗೆ ಮೈಯೆಲ್ಲ ಉರಿದುಹೋಯಿತು. ಮನೆಗೆ ಬಂದು ಒಬ್ಬಟ್ಟು ತಿಂದವನು ಅಪ್ಪನ ಹೆಸರನ್ನೇ ಕೆರೆದು ತನ್ನದು ಹಾಕಿಕೊಂಡಿದ್ದಾನೆ. ಪುಸ್ತಕ ಬೇರೆ ಬರುತ್ತದಂತೆ. ರೆಜಿಸ್ಟರ್ ಎಳೆದುಕೊಂಡು ಅಲ್ಲೇ ಅಪ್ಪನ ಇನಿಷಿಯಲ್ ಬರೆದುಬಿಡುತ್ತಿದ್ದೆ. ಆದರೆ ಅನುಮಾನದವರಿಗೆ ತಮ್ಮ ಸಿಟ್ಟಿನ ಮೇಲೂ ಪೂರ್ತಿ ನಂಬಿಕೆ ಇರುವುದಿಲ್ಲ. ಕದಿಯುವಷ್ಟು ದೊಡ್ಡದು ಆ ಶೆಡ್ಡಿನಲ್ಲಿ ಏನಿದೆ ಎಂದು ಕಣ್ಣಾರೆ ನೋಡೋಣವೆಂದು ಮಾರನೆಯ ದಿನ ಊಟದ ಹೊತ್ತಿನಲ್ಲಿ ಹೊರಟೆ.

ನಮ್ಮ ಆಫೀಸಿನಿಂದ ಹತ್ತು ನಿಮಿಷದ ದಾರಿ. ರಸ್ತೆ ಪೂರ್ವ ಪಶ್ಚಿಮವಾಗಿ ಹೋಗುತ್ತದೆ. ಮೊದಲನೇ ಶೆಡ್ಡು ರಸ್ತೆಯ ಉತ್ತರಕ್ಕೆ, ಎರಡನೆಯದು ಅದರ ಎದುರಿಗೆ ದಕ್ಷಿಣಕ್ಕೆ. ಇಬ್ಬರು ಅಣ್ಣತಮ್ಮಂದಿರು ಕಟ್ಟಿಸಿದ್ದಂತೆ. ಎರಡಕ್ಕೂ ಗರಗಸದ ಹಲ್ಲಿನಂಥ ಚಾವಣಿ. ಪ್ರತಿ ಹಲ್ಲಿನ ನೆಟ್ಟಗಿನ ಬದಿಗೆ ಗಾಜು, ಇಳಿಜಾರಿಗೆ ತಗಡು. ಆ ಗಾಜು ಉತ್ತರಕ್ಕೆ ಮುಖ ಮಾಡಿರಬೇಕು. ಆಗ ಬಿಸಿಲು ಒಳಗೆ ಬೀಳದೆ ತಣ್ಣನೆಯ ಬೆಳಕು ಮಾತ್ರ ಬರುತ್ತದೆ, ಲೋಹ ಕಡೆಯುವ ಲೇತಿನ ಮುಂದೆ ನಿಂತವನಿಗೆ ಕೂದಲೆಳೆಯ ಅಳತೆಯೂ ಕಾಣುತ್ತದೆ. ಮೊದಲನೇ ಶೆಡ್ಡಿಗೆ ಹೋದರೆ ಹಾಗೆಯೇ ಇತ್ತು. ಮಧ್ಯಾಹ್ನದ ಹೊತ್ತಲ್ಲಿ ಒಂದು ದೀಪವೂ ಉರಿಯದೆ ಶೆಡ್ಡು ಬೆಳ್ಳಗೆ, ಮೆತ್ತಗೆ ಬೆಳಗುತ್ತಿತ್ತು. ಇದರ ನಕ್ಷೆ ಬರೆದವರು ಅಪ್ಪ. ನನಗೆ ಅವರ ಮೇಲೆ ಹೆಮ್ಮೆಯಾಯಿತು.

ಎದುರಿನ ಶೆಡ್ಡಿಗೆ ಹೋದರೆ ಗವಿಯಂಥ ಕತ್ತಲೆ. ಹಾಡುಹಗಲೇ ಟ್ಯೂಬ್‌ಲೈಟುಗಳು ಉರಿಯುತ್ತಿದ್ದವು. ತಲೆ ಎತ್ತಿ ನೋಡಿದೆ. ಗಾಜುಗಳಿಗೆಲ್ಲ ಡಾಂಬರು ಬಳಿದಿದ್ದರು. ಬೆಳಕಿಗೆಂದು ಗಾಜು ಹಾಕಿಸಿ ಅದರ ಮೇಲೆ ಡಾಂಬರು ಬಳಿಯುವವರನ್ನು ನಾನು ನೋಡಿದ್ದು ಅಲ್ಲೇ. ಬಾಗಿಲ ಬಳಿ ಬುತ್ತಿ ಬಿಚ್ಚಿಕೊಂಡು ಕೂತಿದ್ದ ಹಿರಿಯ ಲೇತ್ ಕೆಲಸದವರನ್ನು ಕೇಳಿದೆ. ಅವರು ಪಕ್ಕದ ಹಳ್ಳಿಯವರು, ಶೆಡ್ಡಿನ ಪಾಯ ತೆಗೆದಾಗಿನಿಂದ ಅಲ್ಲಿದ್ದವರು.

‘ಇದು ಉಲ್ಟಾ ಕಟ್ಟವ್ರೆ ಕಣಮ್ಮ’ ಎಂದರು ಅವರು, ಮುದ್ದೆ ಮುರಿಯುತ್ತಾ. ‘ದಸರಾ ಕಳೀತು ಅಂದ್ರೆ ಶಿವರಾತ್ರಿಗಂಟ ಬಿಸ್ಲು ನೇರ ಮಿಷಿನ್ ಮ್ಯಾಲೆ. ಅಳತೆ ನೋಡಾಕೆ ಬಗ್ಗಿದ್ರೆ ಕಣ್ಣು ಕುಕ್ತಿತ್ತು. ಇಬ್ರು ಬೆಳ್ಳು ಕೊಯ್ಕಂಡ್ರು. ಆಮೇಲೆ ಡಾಂಬರು ಒಡುದ್ವಿ.’

ಮಿಕ್ಕದ್ದನ್ನೂ ಅವರೇ ಹೇಳಿದರು. ಕಾರ್ಖಾನೆಯ ಮಾಲೀಕರು ನಮ್ಮ ಆಫೀಸಿನವರನ್ನೆಲ್ಲ ಕರೆಸಿ, ಇದೇ ಬಾಗಿಲಲ್ಲಿ ಕೆಲಸಗಾರರ ಎದುರಿಗೆ ಕೂಗಾಡಿದ್ದರಂತೆ. ನಕ್ಷೆ ಬಿಚ್ಚಿ ನೋಡಿ ಒಬ್ಬ ತೆಳ್ಳನೆಯ ಹುಡುಗನಿಗೆ ಬಾಯಿಗೆ ಬಂದಂತೆ ಬೈದರಂತೆ. ಅವನು ತಲೆ ತಗ್ಗಿಸಿ ನಿಂತಿದ್ದನೇ ಹೊರತು ಒಂದು ಮಾತೂ ಆಡಲಿಲ್ಲ. ಆ ವಾರವೇ ಅವನನ್ನು ಕೆಲಸದಿಂದ ತೆಗೆದರು ಎಂದು ಆಮೇಲೆ ಕೇಳಿದರಂತೆ.

‘ಪಕ್ಕದಾಗೆ ಇನ್ನೊಬ್ರು ಇದ್ರು, ವಯಸ್ಸಾದೋರು. ಆ ಡ್ರಾಯಿಂಗ್ ಸುತ್ಕಂಡು ಎಡಗೈನಾಗೆ ಇಡ್ಕಂಡಿದ್ರು. ಅವ್ರೂ ಉಸಿರು ಬಿಡ್ಲಿಲ್ಲ.’

ನಾನು ಊಟದ ಹೊತ್ತು ಮುಗಿಯುವ ಮೊದಲೇ ಆಫೀಸಿಗೆ ವಾಪಸ್ಸು ಬಂದೆ. ಬಂದವಳೇ ಎರಡು ಶೀಟುಗಳನ್ನೂ ಗಾಜಿನ ಮೇಜಿನ ಮೇಲೆ ಹಾಸಿದೆ. ಮೊದಲನೆಯದನ್ನು ಮಗುಚಿ ಹಾಕಿ ಅದರ ಮೇಲೆ ಎರಡನೆಯದನ್ನು ಇಟ್ಟರೆ ಗೆರೆಗೆ ಗೆರೆ ಕೂತುಕೊಂಡಿತು. ಕೆಲಸ ನಡೆದ ಬಗೆ ಆಗ ತಿಳಿಯಿತು. ಶೆಡ್ಡು ಎದುರು ಬದಿಗೆ ಬರುವುದರಿಂದ ಗೇಟು, ಆಫೀಸು ಕೋಣೆ, ಎಲ್ಲವೂ ರಸ್ತೆಯ ಕಡೆಗೆ ತಿರುಗಬೇಕು. ಹೊಸದಾಗಿ ಬರೆಯುವ ಬದಲು ಹಳೆಯ ಶೀಟನ್ನು ಮಗುಚಿ ಹಾಕಿ ಮೇಲೆ ಟ್ರೇಸ್ ಮಾಡಿದ್ದಾರೆ. ಗಡಿಬಿಡಿ ಇದ್ದಾಗ ಎಲ್ಲ ಡ್ರಾಫ್ಟ್ಸ್‌ಮನ್ನರೂ ಮಾಡುವ ಉಪಾಯ ಅದು. ಗೇಟು ತಿರುಗಿತು, ಕೋಣೆ ತಿರುಗಿತು, ಅವುಗಳ ಜೊತೆಗೆ ಚಾವಣಿಯ ಹಲ್ಲೂ ತಿರುಗಿಬಿಟ್ಟಿತು. ಉತ್ತರಕ್ಕಿದ್ದ ಗಾಜು ದಕ್ಷಿಣಕ್ಕೆ ಬಂತು. ಶೀಟಿನ ಮೂಲೆಯಲ್ಲಿ ಉತ್ತರ ದಿಕ್ಕಿನ ಬಾಣ ಮಾತ್ರ ಸರಿಯಾಗಿಯೇ ಇತ್ತು. ನೋಡುವವರು ನೋಡಿದ್ದರೆ ತಪ್ಪು ಅಲ್ಲೇ ಸಿಗುತ್ತಿತ್ತು.

ಅಂದರೆ ಕೆರೆದ ಚೌಕದಲ್ಲಿದ್ದದ್ದು ಕೀರ್ತಿಯಲ್ಲ, ತಪ್ಪು. ಕೀರ್ತಿಯನ್ನು ಕದಿಯುವವರುಂಟು, ಇನ್ನೊಬ್ಬರ ತಪ್ಪನ್ನು ಯಾರು ಕದಿಯುತ್ತಾರೆ? ಆ ಚೌಕವನ್ನು ಮತ್ತೆ ನೋಡಿದೆ. ಬ್ಲೇಡಿನ ಸಣ್ಣ ಗೀರುಗಳೆಲ್ಲ ಒಂದೇ ಕಡೆಗೆ ವಾಲಿದ್ದವು, ಬಲಗೈಯವರು ಕೆರೆದರೆ ವಾಲುವ ಕಡೆಗಲ್ಲ. ಅಪ್ಪ ಊಟಕ್ಕೆ ಬಲಗೈ, ಬರೆಯಲು ಎಡಗೈ. ಇನ್ನೊಂದು ವಿಷಯ. ಕೆರೆದ ಜಾಗ ಒರಟಾಗಿರುವುದರಿಂದ ಅದರ ಮೇಲೆ ಮತ್ತೆ ಬರೆದರೆ ಇಂಕು ಹರಡುತ್ತದೆ. ಹರಡಬಾರದೆಂದರೆ ಚಾಕ್‌ಪುಡಿ ಉದುರಿಸಿ ಹೆಬ್ಬೆರಳಿನ ಉಗುರಿನಿಂದ ನುಣ್ಣಗೆ ತಿಕ್ಕಬೇಕು. ಇಲ್ಲಿ ಹೊಸ ಇನಿಷಿಯಲ್ಲಿನ ಇಂಕು ಒಂದು ಚುಕ್ಕಿಯಷ್ಟೂ ಹರಡಿರಲಿಲ್ಲ. ಆ ಉಗುರಿನ ಉಪಾಯವನ್ನು ಆಫೀಸಿನಲ್ಲಿ ಅಷ್ಟು ಅಚ್ಚುಕಟ್ಟಾಗಿ ಬಲ್ಲವರು ಒಬ್ಬರೇ. ನನಗೆ ಅದನ್ನು ಮನೆಯಲ್ಲಿ ಕೂರಿಸಿಕೊಂಡು ಕಲಿಸಿದವರೂ ಅವರೇ.

ಸೈಟಿಗೆ ಕಳಿಸಿದ ಪ್ರಿಂಟಿನಲ್ಲಿ ಅಪ್ಪನ ಇನಿಷಿಯಲ್ ಇದ್ದಿರಲೇಬೇಕು ಎಂದೂ ಯೋಚಿಸಿದೆ. ಆದರೆ ಸೈಟಿನ ಪ್ರಿಂಟು ಸಿಮೆಂಟಿನ ನೀರಿನಲ್ಲಿ ನೆಂದು ವಾರದೊಳಗೆ ಚಿಂದಿಯಾಗುತ್ತದೆ. ಮೂಲ ಶೀಟನ್ನು ಕೆರೆದರೆ ಆಯಿತು, ಬೇರೆ ಸಾಕ್ಷಿ ಇಲ್ಲ. ಅಪ್ಪನಿಗೆ ಅದೂ ಗೊತ್ತಿತ್ತು.

ನಾನು ಅತ್ತೆ. ಅಮೋನಿಯಾದ ಕೋಣೆಯ ಪಕ್ಕದಲ್ಲಿದ್ದುದರಿಂದ ಯಾರೂ ಏಕೆಂದು ಕೇಳಲಿಲ್ಲ.

ಅಲ್ಲಿಂದ ಎರಡು ಮೂರು ವಾರ ಮನೆಯಲ್ಲಿ ನನ್ನ ನಡವಳಿಕೆ ಚೆನ್ನಾಗಿರಲಿಲ್ಲ. ಅಪ್ಪ ಎಡಗೈಯಲ್ಲಿ ಪೆನ್ಸಿಲ್ ಹಿಡಿದರೆ ನೋಡುತ್ತಿದ್ದೆ, ಉಗುರು ಕತ್ತರಿಸಿಕೊಂಡರೆ ನೋಡುತ್ತಿದ್ದೆ. ಅವರು ಕಾಫಿ ಚೆನ್ನಾಗಿದೆ ಎಂದರೂ ಇದರಲ್ಲಿ ಏನು ಮುಚ್ಚಿಟ್ಟಿದ್ದಾರೆ ಅನಿಸುತ್ತಿತ್ತು. ಅವರನ್ನು ಆಗ ಕೆಲಸದಿಂದ ತೆಗೆದಿದ್ದರೆ ನಾವು ದಾಸರಹಳ್ಳಿಯ ಮನೆಯಲ್ಲಿ ಉಳಿಯುತ್ತಿರಲಿಲ್ಲ, ನಾನು ಡಿಪ್ಲೊಮಾ ಓದುತ್ತಿರಲಿಲ್ಲ, ರೆಕಾರ್ಡ್ ರೂಮಿನ ಕುರ್ಚಿಯೂ ನನ್ನದಾಗುತ್ತಿರಲಿಲ್ಲ. ಇದೆಲ್ಲ ತಿಳಿದ ಮೇಲೆ ಸಿಟ್ಟು ಮಾಡುವುದೂ ಕಷ್ಟ, ಮಾಡದಿರುವುದೂ ಕಷ್ಟ. ಅಮ್ಮ ಒಂದು ದಿನ ನಾನೇನೋ ಮುಚ್ಚಿಡುತ್ತಿದ್ದೇನೆಂದು ಗದರಿ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಎಂದಳು. ನನಗೆ ಹೇಳಿದ ಮಾತು. ಅಪ್ಪ ಎದ್ದು ಹಿತ್ತಲಿಗೆ ಹೋದರು.

ರೆಜಿಸ್ಟರಿನಲ್ಲಿ ಎಲ್ಲ ಶೀಟುಗಳ ವಿವರ ತುಂಬಿದೆ. ಆ ಒಂದು ಶೀಟಿನ ಸಾಲಿನಲ್ಲಿ ಬರೆದವರು ಎಂಬ ಕಾಲಂ ಖಾಲಿ ಬಿಟ್ಟೆ. ಅವರ ಹೆಸರು ಬರೆದರೆ ಸುಳ್ಳು, ಅಪ್ಪನ ಹೆಸರು ಬರೆದರೆ ಅದು ಪುಸ್ತಕದಲ್ಲಿ ಅಚ್ಚಾಗಿ ಊರಿಗೆಲ್ಲ ಗೊತ್ತಾಗುತ್ತದೆ.

ನಕ್ಷೆ ಆರಿಸಲು ಆರ್ಕಿಟೆಕ್ಟರೇ ಬಂದರು. ತಲೆ ಮುಂದೆ ಬೋಳಾಗಿತ್ತು, ಮೈ ತುಂಬಿಕೊಂಡಿತ್ತು. ನನ್ನ ಗುರುತು ಹತ್ತಲಿಲ್ಲವೆಂದುಕೊಂಡೆ. ಮೊದಲನೇ ಶೆಡ್ಡಿನ ಶೀಟು ನೋಡಿ ಖುಷಿಪಟ್ಟರು. ಎರಡನೆಯದನ್ನು ಬಿಚ್ಚಿದ ಕೂಡಲೇ, ನಾನು ಹೇಳುವ ಮೊದಲೇ, ಅದರ ಬಲಮೂಲೆಯನ್ನು ಟ್ಯೂಬ್‌ಲೈಟಿನ ಮೇಲಕ್ಕೆ ಸರಿಸಿದರು. ಎಲ್ಲಿ ನೋಡಬೇಕೆಂದು ಅವರಿಗೆ ಗೊತ್ತಿತ್ತು. ಸ್ವಲ್ಪ ಹೊತ್ತು ನೋಡಿ ರೆಜಿಸ್ಟರಿನ ಖಾಲಿ ಕಾಲಂ ಮೇಲೆ ಬೆರಳಿಟ್ಟು, ನಿಮ್ಮ ತಂದೆ ಹೇಗಿದ್ದಾರೆ ಎಂದು ಕೇಳಿದರು.

ಚೆನ್ನಾಗಿದ್ದಾರೆ ಎಂದೆ. ಒಳ್ಳೆಯತನ ಕಂಡರೂ ನನಗೆ ಅನುಮಾನವೇ. ಇಷ್ಟು ವರ್ಷ ಸುಮ್ಮನಿದ್ದವರು ಈಗ ಪುಸ್ತಕದಲ್ಲಿ ದೊಡ್ಡವರಾಗಲು ಬಂದಿದ್ದಾರೆಯೇ ಎಂದುಕೊಂಡು, ನೀವು ಆಗ ಯಾಕೆ ಬಾಯಿ ಬಿಡಲಿಲ್ಲ ಎಂದು ನೇರವಾಗಿಯೇ ಕೇಳಿಬಿಟ್ಟೆ.

‘ಚೆಕ್ ಮಾಡಿದೀನಿ ಅಂತ ಸೈನ್ ಹಾಕಿದ್ದು ನಾನೇ ಅಲ್ವಾ’ ಎಂದರು. ‘ಚೆಕ್ ಮಾಡಿರಲಿಲ್ಲ. ಅವರು ಬರೆದಿದ್ದನ್ನ ನಾನೇನು ನೋಡೋದು ಅಂತ ಕಣ್ಮುಚ್ಚಿ ಹಾಕ್ಬಿಟ್ಟೆ. ಆವತ್ತು ಬೆಳಗ್ಗೆ ಮಾಲೀಕರ ಹತ್ರ ಹೊರಟಾಗ ಗುರುಗಳ ಹೆಬ್ಬೆರಳ ಉಗುರಲ್ಲಿ ಚಾಕ್‌ಪುಡಿ ಇತ್ತು. ಕೇಳೋಣ ಅಂತ ಹತ್ರ ಹೋದೆ. ಅವರು ತಲೆ ಎತ್ತಲಿಲ್ಲ. ಆಮೇಲೆ ಕೇಳೋ ಮನಸ್ಸಾಗ್ಲಿಲ್ಲ.’

ಆ ಕೆಲಸ ಹೋದ ಮೇಲೆ ಎರಡು ವರ್ಷ ಯಾರೂ ಕರೆಯಲಿಲ್ಲವಂತೆ. ಅದನ್ನು ಅವರು ದೂರಿನಂತೆ ಹೇಳಲಿಲ್ಲ, ಹಾಗೆಂದು ನಗುತ್ತಲೂ ಹೇಳಲಿಲ್ಲ. ಆ ಶೀಟು ಪುಸ್ತಕದಲ್ಲಿ ಇರಲೇಬೇಕು, ಉತ್ತರದ ಬಾಣ ನೋಡದೆ ಸೈನ್ ಹಾಕಿದ್ದು ಓದುವ ಮಕ್ಕಳಿಗೆ ಗೊತ್ತಾಗಲಿ ಎಂದರು. ಖಾಲಿ ಕಾಲಂ ಖಾಲಿಯಾಗಿಯೇ ಇದ್ದರೆ ತಮ್ಮದೇನೂ ಅಭ್ಯಂತರವಿಲ್ಲ ಎಂದೂ ಹೇಳಿ ಹೊರಟರು.

ಅವರು ಕಾರು ಹತ್ತುವವರೆಗೆ ಕಿಟಕಿಯಲ್ಲಿ ನಿಂತು ನೋಡಿದೆ. ಏನಾದರೂ ನಾಟಕವಿದ್ದರೆ ಬೆನ್ನು ತಿರುಗಿಸಿದಾಗ ಗೊತ್ತಾಗುತ್ತದೆ ಎಂಬುದು ನನ್ನ ಲೆಕ್ಕ. ಏನೂ ಗೊತ್ತಾಗಲಿಲ್ಲ. ನಾನು ಬಂದು ಕೂತು ಪೆನ್ಸಿಲ್ ತೆಗೆದು ಆ ಕಾಲಮ್ಮಿನಲ್ಲಿ ಅಪ್ಪನ ಇನಿಷಿಯಲ್ ಬರೆದೆ. ಬೇರೆಲ್ಲ ಸಾಲುಗಳನ್ನು ಇಂಕಿನಲ್ಲಿ ಬರೆದಿದ್ದೆ. ಇದನ್ನು ಮಾತ್ರ ಪೆನ್ಸಿಲಿನಲ್ಲಿ, ಅದೂ ಮೆಲ್ಲಗೆ ಬರೆದೆ. ನಾನೂ ಅದೇ ಅಪ್ಪನ ಮಗಳು.

ಸಂಜೆ ಮನೆಗೆ ಬಂದಾಗ ಅಪ್ಪ ಜಗಲಿಯ ಮೇಲೆ ಕೂತಿದ್ದರು. ಇವತ್ತು ಆರ್ಕಿಟೆಕ್ಟರು ಬರುವ ದಿನವೆಂದು ನಾನು ಹೇಳಿರಲಿಲ್ಲ. ಆಫೀಸಿನಿಂದ ಯಾರೋ ಹೇಳಿರಬೇಕು. ಚಪ್ಪಲಿ ಬಿಡುವಷ್ಟರಲ್ಲೇ, ಬಂದಿದ್ದರೇ ಎಂದು ಕೇಳಿದರು. ಬಂದಿದ್ದರು, ನೀವು ಹೇಗಿದ್ದೀರಿ ಎಂದು ಕೇಳಿದರು ಎಂದೆ. ಅಪ್ಪ ತುಮಕೂರು ರಸ್ತೆಯ ಕಡೆಗೆ ನೋಡುತ್ತಾ ಕೂತರು. ಶಿಫ್ಟ್ ಮುಗಿದ ಸೈರನ್ ಆಗಿ ರಸ್ತೆಯ ತುಂಬ ಸೈಕಲ್ಲುಗಳು ಹೋಗುತ್ತಿದ್ದವು. ಅವು ಕಡಿಮೆಯಾದ ಮೇಲೆ ಕೇಳಿದರು.

‘ಆ ಎರಡನೇ ಶೆಡ್ಡಿನ ಶೀಟು?’

‘ಸಿಕ್ತು. ಗೆದ್ದಲು ಹಿಡಿದಿರಲಿಲ್ಲ.’

‘ರೆಜಿಸ್ಟರಲ್ಲಿ ಏನು ಬರ್ದೆ?’

‘ನಿಮ್ಮದೇ.’

ಅಪ್ಪ ಎಡಗೈಯ ಹೆಬ್ಬೆರಳನ್ನು ಬಲಗೈಯಲ್ಲಿ ಮುಚ್ಚಿಕೊಂಡರು. ನನ್ನ ಕಡೆ ನೋಡದೆ, ಇಂಕಲ್ಲೋ ಪೆನ್ಸಿಲಲ್ಲೋ ಎಂದು ಕೇಳಿದರು.

ಅಳಿಸಬಹುದೇ ಎಂದು ನೋಡುತ್ತಿದ್ದಾರೆ ಎಂದುಕೊಂಡೆ. ಇಷ್ಟು ವರ್ಷವಾದರೂ ಆ ಬುದ್ಧಿ ಹೋಗಿಲ್ಲವಲ್ಲ. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಪೆನ್ಸಿಲಲ್ಲಿ ಎಂದೆ.

‘ನಾಳೆ ಹೋದ ತಕ್ಷಣ ಇಂಕ್ ಹಾಕು’ ಎಂದರು ಅಪ್ಪ. ‘ರೆಜಿಸ್ಟರ್ ಕಾಗದ ತೆಳ್ಳಗಿರುತ್ತೆ ಕಣಮ್ಮ. ಕೆರೆಯೋಕೆ ಹೋದ್ರೆ ತೂತು ಬೀಳುತ್ತೆ.’